ಒಂದು ಉಸಿರಿಗೆ ಒಂದು ಪದ

ನಮ್ಮ ಊರಿನಲ್ಲಿ ಕವಿಗಳನ್ನು ಓದುವುದಿಲ್ಲ, ಎಣಿಸುತ್ತಾರೆ.

ಕವಿ ಬದುಕಿರುವವರೆಗೆ ಅವನು ಏನು ಬರೆದರೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಇನ್ನೂ ಬರೆಯುತ್ತಿರುವವನನ್ನು ಓದಿ ಏನು ಪ್ರಯೋಜನ, ನಾಳೆ ಇನ್ನೊಂದು ಪದ ಹೆಚ್ಚಿಗೆ ಬರೆದು ಲೆಕ್ಕ ತಪ್ಪಿಸಿಬಿಟ್ಟಾನು, ಎನ್ನುತ್ತಾರೆ ನಮ್ಮವರು. ಸತ್ತ ಹನ್ನೊಂದನೆಯ ದಿನ ಮನೆಯವರು ಅವನ ಹಾಳೆಗಳನ್ನೆಲ್ಲ ಗಂಟು ಕಟ್ಟಿ ಎಣಿಕೆಮನೆಗೆ ತಂದು ಒಪ್ಪಿಸಬೇಕು. ಅಲ್ಲಿ ಅವನು ಬಳಸಿದ ಪ್ರತಿಯೊಂದು ಪದಕ್ಕೂ ಒಂದು ಮಣ್ಣಿನ ಕುಡಿಕೆ ಇಡುತ್ತಾರೆ. ಆ ಪದ ಎಷ್ಟು ಸಲ ಬಂದರೆ ಅಷ್ಟು ಹುಣಸೆ ಬೀಜ ಆ ಕುಡಿಕೆಗೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಯಾವ ಕುಡಿಕೆಯಲ್ಲಿ ಬೀಜ ಹೆಚ್ಚೋ ಆ ಪದವೇ ಆ ಕವಿ. ಅದನ್ನು ಕಲ್ಲಿನ ಮೇಲೆ ಕೊರೆದು ಊರಿನ ಗೋಡೆಯಲ್ಲಿ ಕೂರಿಸುತ್ತಾರೆ. ಹಾಳೆಗಳನ್ನು ಅಲ್ಲೇ ಒರಳಿಗೆ ಹಾಕಿ, ನೀರು ಬಿಟ್ಟು ಅರೆದು, ಸುಣ್ಣದ ಗಾರೆಗೆ ಬೆರೆಸುತ್ತಾರೆ. ಆ ಗಾರೆಯಿಂದಲೇ ಕಲ್ಲು ಭದ್ರವಾಗುತ್ತದೆ. ಕಾಳು ತೆಗೆದ ಮೇಲೆ ಹೊಟ್ಟು ಇಟ್ಟುಕೊಂಡು ಕೂರಲಾದೀತೇ ಎಂದು ಕೇಳುತ್ತಾರೆ.

ಗೋಡೆ ಊರನ್ನು ಸುತ್ತುವರಿದಿದೆ. ಯಾರ ಭಯಕ್ಕೆ ಕಟ್ಟಿದರೆಂದು ಈಗ ಯಾರಿಗೂ ಗೊತ್ತಿಲ್ಲ. ಸಂಜೆ ಹೊತ್ತು ತಾಯಂದಿರು ಮಕ್ಕಳನ್ನು ಅದರ ಉದ್ದಕ್ಕೂ ನಡೆಸಿಕೊಂಡು ಹೋಗುತ್ತಾ ತೋರಿಸುತ್ತಾರೆ: ಇವನು ಮಳೆ, ಇವಳು ತಾಯಿ, ಇವನು ಚಂದ್ರ, ಅವನೂ ಚಂದ್ರ, ಈ ದೊಡ್ಡ ಕಲ್ಲಿನವನು ಕಣ್ಣೀರು. ಒಂದು ಗಂಟೆಯಲ್ಲಿ ಮಗು ಊರಿನ ಅಷ್ಟೂ ಸಾಹಿತ್ಯವನ್ನು ಬಾಯಿಪಾಠ ಮಾಡಿಬಿಡುತ್ತದೆ. ಹಾಗೆ ನಾವೆಲ್ಲರೂ ಬಹಳ ಓದಿಕೊಂಡವರು.

ನಾನು ಎಣಿಕೆಮನೆಯಲ್ಲಿ ಮೂವತ್ತೊಂದು ವರ್ಷ ಎಣಿಸುವವಳಾಗಿದ್ದೆ. ಅಲ್ಲಿಯ ಕಟ್ಟಳೆ ಒಂದೇ: ಒಂದು ಉಸಿರಿಗೆ ಒಂದು ಪದ. ಉಸಿರು ಎಳೆದುಕೊಳ್ಳಬೇಕು, ಪದವನ್ನು ಗಟ್ಟಿಯಾಗಿ ಹೇಳಬೇಕು, ಬೀಜ ಹಾಕಬೇಕು, ಉಳಿದ ಉಸಿರನ್ನು ಪೂರ್ತಿ ಬಿಡಬೇಕು. ಆಮೇಲೆ ಮುಂದಿನ ಪದ. ಅಪ್ಪಿತಪ್ಪಿ ಎರಡು ಪದ ಒಂದೇ ಉಸಿರಿನಲ್ಲಿ ಬಂದುಬಿಟ್ಟರೆ ಎಣಿಕೆ ಕೆಟ್ಟಿತು ಎಂದು ಸಾರುತ್ತಾರೆ. ಕುಡಿಕೆಗಳನ್ನೆಲ್ಲ ಬೋರಲು ಹಾಕಿ, ಬೇರೆಯವರನ್ನು ಕೂರಿಸಿ, ಮೊದಲ ಹಾಳೆಯ ಮೊದಲ ಪದದಿಂದ ಶುರು ಮಾಡುತ್ತಾರೆ. ಹೊಸ ಎಣಿಕೆ ಮುಗಿದು ಪದ ಸಾರುವವರೆಗೆ ಹಾಳೆಗಳನ್ನು ಒರಳಿಗೆ ಹಾಕುವಂತಿಲ್ಲ. ಎಣಿಕೆ ಕೆಡಿಸಿದವರನ್ನು ಮಾತ್ರ, ಅವರು ಏನೇ ಬರೆದಿಟ್ಟಿರಲಿ, ಸತ್ತ ಮೇಲೆ ಎಣಿಸುವುದಿಲ್ಲ. ನಮ್ಮ ಊರಿನಲ್ಲಿ ಎಣಿಕೆಗೆ ಬಾರದವರು ಹುಟ್ಟೇ ಇರಲಿಲ್ಲ ಎಂದು ಲೆಕ್ಕ.

ಮೂವತ್ತೊಂದು ವರ್ಷದಲ್ಲಿ ನನ್ನಿಂದ ಒಂದೇ ಒಂದು ಎಣಿಕೆ ಕೆಟ್ಟಿರಲಿಲ್ಲ. ಅದಕ್ಕೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಅಷ್ಟು ಹೊತ್ತು ಇರುತ್ತಿತ್ತು, ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ತಲೆಯಿಂದ ಹೋಗಿರುತ್ತಿತ್ತು. ನಲವತ್ತಾರು ಕವಿಗಳನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಬಾಯಿಂದಲೇ ಓದಿದ್ದೇನೆ. ಅವರ ಒಂದು ಸಾಲನ್ನೂ ನಾನು ಕೇಳಿರಲಿಲ್ಲ.

ಆ ವರ್ಷ ಪಡುವಣ ಗೋಡೆಯ ಬುಡದ ಮನೆಯಲ್ಲಿದ್ದ ಜರ್ಮನ್ ಕವಿ ತೀರಿಕೊಂಡ. ಅವನು ನಲವತ್ತು ವರ್ಷದ ಹಿಂದೆ ಬಡಗಣ ನಾಡಿನಿಂದ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದವನು. ಒಂದು ಚಳಿಗಾಲ ಕಳೆದು ಹೋಗುತ್ತೇನೆ ಎಂದಿದ್ದವನು ನಮ್ಮ ಊರಿನ ಹೆಣ್ಣನ್ನೇ ಮದುವೆಯಾಗಿ ಉಳಿದುಬಿಟ್ಟ. ನಮ್ಮ ಭಾಷೆಯನ್ನು ಸೊಪ್ಪು ಕೊಳ್ಳುವಷ್ಟು, ಜಗಳವಾಡುವಷ್ಟು ಕಲಿತಿದ್ದ. ಬರೆಯುತ್ತಿದ್ದದ್ದು ಮಾತ್ರ ಜರ್ಮನ್ನಿನಲ್ಲಿ. ಆ ಭಾಷೆ ಬಲ್ಲವಳು ಊರಿಗೆಲ್ಲ ಅವನ ಹೆಂಡತಿಯೊಬ್ಬಳೇ.

ಹನ್ನೊಂದನೆಯ ದಿನ ಅವಳು ಹಾಳೆಗಳ ಗಂಟನ್ನು ತಲೆಯ ಮೇಲೆ ಹೊತ್ತು ತಂದಳು. ಇಳಿಸಿ, ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

"ಎಷ್ಟು ದಿನ ಬೇಕು ತಂಗಿ?"

"ತೊಂಬತ್ತು ದಿನ ಆಗಬಹುದು ಅಕ್ಕ."

"ಆಮೇಲೆ ಇದು ನನಗೆ ವಾಪಸ್ ಸಿಗುತ್ತಾ?"

ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಊರಿನವಳೇ ತಾನೆ. ಆದರೂ ನನ್ನ ಬಾಯಿಂದ ಹೇಳಿಸಬೇಕೆಂದು ಕೇಳಿದಳು. ನಾನು ತಲೆ ಎತ್ತದೆ, "ಇಲ್ಲ" ಎಂದೆ.

ಭಾಷೆ ಗೊತ್ತಿಲ್ಲದಿದ್ದರೆ ಎಣಿಕೆಗೆ ತೊಂದರೆಯೇನಿಲ್ಲ. ಏಳು ಲಿಪಿಗಳ ಅಕ್ಷರಗಳನ್ನು ನಮಗೆ ಕಲಿಸುತ್ತಾರೆ, ಒಂದರ ಅರ್ಥವನ್ನೂ ಕಲಿಸುವುದಿಲ್ಲ. "ಅರ್ಥ ಗೊತ್ತಿದ್ದರೆ ಮನಸ್ಸು ಅಡ್ಡ ಬರುತ್ತೆ. ಗೊತ್ತಿಲ್ಲದಿದ್ದರೆ ಕೈ ಸರಾಗ ಓಡುತ್ತೆ," ಎನ್ನುತ್ತಿದ್ದ ನಮ್ಮ ಎಣಿಕೆಮನೆಯ ಹಿರಿಯ. ಅವನ ಕೈ ಎಷ್ಟು ಸರಾಗವಾಗಿ ಓಡುತ್ತಿತ್ತೆಂದರೆ, ಅವನ ಸ್ವಂತ ತಂದೆಯನ್ನು ಅವನೇ ಎಣಿಸಿದ್ದ. ಆ ತಂದೆಯ ಕಲ್ಲು ಉತ್ತರದ ಗೋಡೆಯಲ್ಲಿದೆ, ಅದರ ಮೇಲೆ 'ಹೂ' ಎಂದಿದೆ.

ಎಣಿಕೆ ನಡೆಯುವಷ್ಟು ದಿನ ಎಣಿಸುವವರಿಗೆ ಸತ್ತವರ ಮನೆಯಿಂದಲೇ ಮಧ್ಯಾಹ್ನದ ಊಟ ಬರಬೇಕು. ಅದೂ ಕಟ್ಟಳೆ. ಕವಿಯ ಹೆಂಡತಿ ತನ್ನ ಗಂಡನ ನಾಡಿನ ರೊಟ್ಟಿ ತರುತ್ತಿದ್ದಳು. ಕಪ್ಪಗೆ, ದಪ್ಪಗೆ, ಗಡುಸಾದ ತೊಗಟೆಯ ರೊಟ್ಟಿ. ಮೊದಲ ದಿನ ಒಂದು ಚೂರು ಬಾಯಿಗಿಟ್ಟು ಮುಖ ಹಿಂಡಿದೆ.

"ಹುಳಿಯಾಗಿದೆಯಲ್ಲ ಅಕ್ಕ."

"ಹುಳಿ ಇರಬೇಕು. ನಿನ್ನೆ ಕಲಸಿದ ಹಿಟ್ಟಲ್ಲಿ ಒಂದು ಹಿಡಿ ಎತ್ತಿಟ್ಟು ಇವತ್ತಿಗೆ ಸೇರಿಸ್ತೀನಿ. ನಾವು ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೇ. ಆ ಒಂದು ಹಿಡಿ ಇಡೀ ಮುದ್ದೆನ ಉಬ್ಬಿಸುತ್ತೆ. ಅವರು ಬರುವಾಗ ಪೆಟ್ಟಿಗೇಲಿ ತಂದಿದ್ದು ಅದೊಂದೇ, ಒಂದು ಡಬ್ಬಿ ಹುಳಿ ಹಿಟ್ಟು. ನಲವತ್ತು ವರ್ಷದಿಂದ ಅದನ್ನ ಸಾಯೋಕೆ ಬಿಟ್ಟಿಲ್ಲ ನಾನು."

ಆರನೆಯ ದಿನಕ್ಕೆ ನನಗೆ ಆ ರೊಟ್ಟಿ ಇಲ್ಲದೆ ಊಟ ಸೇರದಂತಾಯಿತು.

ಹತ್ತನೆಯ ದಿನದ ಹೊತ್ತಿಗೆ ಒಂದು ಕುಡಿಕೆ ತುಂಬಿ ಚೆಲ್ಲಿತು. 'ಮಾವರ್' ಎಂಬ ಪದದ ಕುಡಿಕೆ. ಕುಡಿಕೆ ಹೋಗಿ ಮಡಕೆ ಬಂತು, ಮಡಕೆ ಹೋಗಿ ಗುಡಾಣ ಬಂತು. ಅದಕ್ಕಿಂತ ಹೆಚ್ಚು ತುಂಬಿದ ಹತ್ತೆಂಟು ಮಡಕೆಗಳೂ ಇದ್ದವು. ಅವನ್ನು ಹಿರಿಯ ಬಂದು ಹೊರಗೆ ಸುರಿಸಿದ. ಎಲ್ಲ ಭಾಷೆಯಲ್ಲೂ ಹೀಗೆ ಕೆಲವು ಪುಟ್ಟ ಪದಗಳಿರುತ್ತವೆ, ಕೂಲಿಯಾಳುಗಳು. ಹೊರೆ ಹೊರುತ್ತವೆ, ಪಂಕ್ತಿಯಲ್ಲಿ ಅವಕ್ಕೆ ಎಲೆಯಿಲ್ಲ, ಎಂದ. ನಾನು ಹೌದೆಂದು ತಲೆಯಾಡಿಸಿದೆ.

ಇನ್ನೊಂದು ಕಡೆ, ಒಂದೇ ಒಂದು ಬೀಜ ಬಿದ್ದ ಕುಡಿಕೆಗಳು. ಯಾವ ಕವಿಯನ್ನು ಎಣಿಸಿದರೂ ಕುಡಿಕೆಗಳಲ್ಲಿ ಅರ್ಧದಷ್ಟು ಇಂಥವೇ ಇರುತ್ತವೆ. ಇಡೀ ಬಾಳಿನಲ್ಲಿ ಒಂದೇ ಸಲ ಬರೆದ ಪದಗಳು. ಅವನ್ನು ಒಂಟಿ ಬೀಜ ಎನ್ನುತ್ತೇವೆ. ಕೊನೆಯ ದಿನ ಒಂಟಿ ಬೀಜಗಳನ್ನೆಲ್ಲ ಮೊರಕ್ಕೆ ಗುಡಿಸಿ ಹಿತ್ತಿಲಿಗೆ ಎಸೆಯುತ್ತೇವೆ. ನಮ್ಮ ಹಿತ್ತಿಲಲ್ಲಿ ಹುಣಸೆ ಮರಗಳು ಎಷ್ಟಿವೆಯೆಂದರೆ, ಮಟಮಟ ಮಧ್ಯಾಹ್ನವೂ ಅಲ್ಲಿ ನೆರಳು. ಮುಂದಿನ ಕವಿಯನ್ನು ಎಣಿಸುವುದಕ್ಕೆ ಬೀಜ ಆ ಮರಗಳಿಂದಲೇ ಬರುತ್ತದೆ. ಇದನ್ನು ದಿನವೂ ನೋಡುತ್ತಿದ್ದೆ, ಒಂದು ದಿನವೂ ಯೋಚಿಸಿರಲಿಲ್ಲ.

ಅರವತ್ತನೆಯ ದಿನ ಹಿರಿಯ ಗುಡಾಣದ ಮುಂದೆ ನಿಂತು, ಊಟ ತಂದ ಹೆಂಡತಿಯನ್ನು ಕರೆದ.

"ಇದೊಂದು ಪದದ ಅರ್ಥ ಹೇಳು ತಾಯಿ. ಮಾವರ್."

ಅವಳು ಊಟದ ಬುಟ್ಟಿ ಕೆಳಗಿಟ್ಟಳು. ಆಮೇಲೆ, "ಗೋಡೆ" ಎಂದಳು.

ಹಿರಿಯನ ಮುಖ ಅರಳಿತು. "ನೋಡಿದಿರಾ! ಹೊರಗಿಂದ ಬಂದವನು, ನಲವತ್ತು ವರ್ಷ ನಮ್ಮ ಗೋಡೆಯನ್ನೇ ಹಾಡಿದ್ದಾನೆ. ನಮ್ಮವರೇ ಒಬ್ಬರೂ ಮಾಡದ ಕೆಲಸ. ಇವನ ಕಲ್ಲು ಹೆಬ್ಬಾಗಿಲ ನೆತ್ತಿ ಮೇಲೆ ಕೂರಲಿ. ಅಲ್ಲಿಂದಲೇ ಹೊಸ ವರಸೆ ಏಳಲಿ."

ವರಸೆ ಎಂದರೆ ಕಲ್ಲಿನ ಒಂದು ಸುತ್ತು. ಗೋಡೆ ಊರಿನ ಸುತ್ತಲೂ ಇನ್ನೊಂದು ಕಲ್ಲಿನಷ್ಟು ಎತ್ತರವಾಗುತ್ತದೆ ಎಂದರ್ಥ.

"ಹಾಡಿಲ್ಲ ಸ್ವಾಮಿ," ಎಂದಳು ಹೆಂಡತಿ. "ಬೈದಿದ್ದಾರೆ."

"ನಾಲ್ಕು ಸಾವಿರ ಬೀಜ ದಾಟಿದೆಯಮ್ಮ. ಅಷ್ಟು ಸಲ ಹೆಸರು ಹಿಡಿದು ಕರೆದಿದ್ದಾನೆ ಅಂದರೆ ಪ್ರೀತಿ ಅಲ್ಲದೆ ಇನ್ನೇನು?"

"ಹಲ್ಲುನೋವು ಬಂದವರು ದಿನಕ್ಕೆ ಎಷ್ಟು ಸಲ ಹಲ್ಲು ಅಂತಾರೆ, ಗೊತ್ತಾ ನಿಮಗೆ?"

ನನಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡೆ. ಹಿರಿಯ ನಗಲಿಲ್ಲ.

"ಒಂದೇ ಒಂದು ಸಾಲು ಹೇಳ್ತೀನಿ, ಕೇಳಿಸ್ಕೊಳ್ಳಿ," ಎಂದಳು ಅವಳು.

"ಸಾಲು ಬೇಡ ತಾಯಿ. ಸಾಲು ಕೇಳಿದರೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳ್ತಾರೆ, ಜಗಳ ಆಗುತ್ತೆ. ಬೀಜದಲ್ಲಿ ಜಗಳ ಇಲ್ಲ. ನಿನಗೆ ಶಾಲು ಹೊದಿಸ್ತೀವಿ, ಹಣ್ಣು ಕೊಡ್ತೀವಿ. ಸಂತೋಷವಾಗಿರು."

ಅವನು ಹೋದ ಮೇಲೆ ಅವಳು ಅಲ್ಲೇ ಕುಳಿತಳು. ನಾನು ರೊಟ್ಟಿ ಮುರಿಯುತ್ತಾ, ಕೇಳಬಾರದ್ದನ್ನು ಕೇಳಿದೆ.

"ಏನಂತ ಬೈದಿದ್ದಾರೆ ಅಕ್ಕ?"

"ಬಿಡುವಿನ ದಿನ ಮನೆಗೆ ಬಾ. ತೋರಿಸ್ತೀನಿ."

ಹೋದೆ. ಇಳಿಹೊತ್ತು. ಅವರ ಮನೆ ಪಡುವಣ ಗೋಡೆಗೆ ಅಂಟಿಕೊಂಡಂತೆಯೇ ಇದೆ, ಕಿಟಕಿ ತೆಗೆದರೆ ಕಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಒಳಗಿನ ನೆಲದ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳಿದ್ದವು, ಒಂದರ ಪಕ್ಕ ಒಂದು. ಮದುವೆಯಾದ ವರ್ಷ ಇಳಿಹೊತ್ತಿನ ಬಿಸಿಲು ಬಾಗಿಲ ಹೊಸ್ತಿಲವರೆಗೂ ಬರುತ್ತಿತ್ತಂತೆ. ಮೊದಲ ಗೆರೆ ಅಲ್ಲಿತ್ತು. ಗೋಡೆಗೆ ಒಂದೊಂದು ವರಸೆ ಸೇರಿದಾಗಲೂ ಕವಿ ಆ ವರ್ಷದ ಬಿಸಿಲು ಎಲ್ಲಿಗೆ ನಿಂತಿತೆಂದು ಗೆರೆ ಎಳೆದಿದ್ದ. ಗೆರೆಗಳು ಕಿಟಕಿಯ ಕಡೆಗೆ ಹಿಂದೆ ಸರಿಯುತ್ತಾ ಬಂದಿದ್ದವು. ಕೊನೆಯ ಗೆರೆಗೂ ಕಿಟಕಿಗೂ ನಡುವೆ ಅರ್ಧ ಮೊಳ ಬಿಸಿಲು ಉಳಿದಿತ್ತು. ಅವಳ ಹಿಟ್ಟಿನ ಡಬ್ಬಿ ಆ ಬಿಸಿಲಿನಲ್ಲಿತ್ತು.

"ಬೆಚ್ಚಗಿದ್ದರೆ ಅದು ಬದುಕಿರುತ್ತೆ," ಎಂದಳು. "ನಿಮ್ಮ ಹಿರಿಯ ಇನ್ನೊಂದು ವರಸೆ ಎಬ್ಬಿಸಿದರೆ ಇದೂ ಹೋಯಿತು. ಅದೂ ಇವರ ಕಲ್ಲಿಂದಲೇ ಶುರು. ಇವರ ಹಾಳೆ ಅರೆದ ಗಾರೆಯಿಂದಲೇ. ಕೇಳು ತಂಗಿ, ಅವರು ಸತ್ತದ್ದಕ್ಕೆ ಅತ್ತು ಮುಗಿಸಿದ್ದೀನಿ. ಇದಕ್ಕೆ ಮಾತ್ರ ಅಳಲ್ಲ. ಇದಕ್ಕೆ ನನಗೆ ಸಿಟ್ಟು."

ನಾನು ಆ ಗೆರೆಗಳನ್ನು ಎಣಿಸಿದೆ. ಅಭ್ಯಾಸಬಲ, ಬೇರೇನು. ಇಪ್ಪತ್ಮೂರು. ಅದರಲ್ಲಿ ಹದಿನೆಂಟು ವರಸೆಗಳು ಎದ್ದಾಗ ನಾನು ಎಣಿಕೆಮನೆಯಲ್ಲಿದ್ದೆ.

ಎಂಬತ್ತೆಂಟನೆಯ ದಿನ. ಉಳಿದಿದ್ದದ್ದು ಕೊನೆಯ ಕೆಲವು ಹಾಳೆ. ಮಾವರ್, ಎಂದೆ. ಬೀಜ ಹಾಕಿದೆ. ಉಸಿರು ಬಿಟ್ಟೆ. ಇನ್ನೂ ಹದಿನೈದು ಇಪ್ಪತ್ತು ಉಸಿರಾದ ಮೇಲೆ ಒಂದು ಪದ ಬಂತು, ಅದಕ್ಕೆ ಕುಡಿಕೆಯೇ ಇರಲಿಲ್ಲ. ಎರಡು ಲಕ್ಷದ ಹತ್ತಿರ ಹತ್ತಿರ ಪದ ದಾಟಿದ ಮೇಲೆ ಹೊಸ ಪದ. ಹೊಸ ಕುಡಿಕೆ ತಂದು ಒಂದು ಬೀಜ ಹಾಕಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿದೆ.

"ಹೇಫೆ ಅಂದರೆ ಏನಕ್ಕ?"

ರೊಟ್ಟಿ ಕೊಯ್ಯುತ್ತಿದ್ದ ಅವಳ ಕೈ ನಿಂತಿತು. "ಇದೇ," ಎಂದು ರೊಟ್ಟಿ ತೋರಿಸಿದಳು. "ಹೆಪ್ಪು. ನಲವತ್ತು ವರ್ಷದಲ್ಲಿ ಒಂದು ಸಲವೂ ಅದನ್ನ ಬರೆದಿದ್ದು ನಾನು ಕಂಡಿಲ್ಲ. ಎಲ್ಲಿದೆ? ಆ ಸಾಲು ಹೇಳು."

"ಸಾಲು ನನಗೆ ಬರಲ್ಲ ಅಕ್ಕ."

"ಎರಡು ಲಕ್ಷ ಪದ ಓದಿದೀಯ. ಒಂದು ಸಾಲು ಬರಲ್ಲ ಅಂತೀಯಲ್ಲೇ!"

ಅವಳು ಕೆಣಕಿದ್ದಲ್ಲ, ನಿಜವಾಗಿ ಆಶ್ಚರ್ಯಪಟ್ಟಳು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಅದುವರೆಗೆ ಆಗಿರಲಿಲ್ಲ.

ಆ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದೆ. ಅವಳು ಹಿಂದೆ ಬಂದಳು. ಹುಣಸೆ ನೆರಳಿನಲ್ಲಿ ನಿಂತು, ಮಾವರ್ ಎಂಬಲ್ಲಿ ಬೆರಳಿಟ್ಟು ಉಸಿರು ಎಳೆದುಕೊಂಡೆ. ಮೊದಲ ಪದ ಹೇಳಿದ ಕೂಡಲೇ ಎದೆ ತಾನಾಗಿ ಉಸಿರು ಬಿಡಲು ಹೊರಟಿತು, ಮೂವತ್ತೊಂದು ವರ್ಷ ಅದಕ್ಕೆ ಕಲಿಸಿದ್ದೇ ಅದು. ತಡೆದು ಹಿಡಿದೆ. ಎರಡನೆಯ ಪದ ಬಂತು, ಮೂರನೆಯದು ಬಂತು, ಹೇಫೆಯವರೆಗೂ ಬಂದು ನಿಂತಿತು. ಅರ್ಥ ಒಂದಿಷ್ಟೂ ಆಗಲಿಲ್ಲ. ಆದರೂ ಒಂದು ಗೊತ್ತಾಯಿತು. ಆ ಪದಗಳು ಒಂದನ್ನೊಂದು ಕಾಯುತ್ತಿದ್ದವು, ನಾನು ದಿನವೂ ಅವನ್ನು ಬೇರೆ ಬೇರೆ ಮಾಡಿ ಕುಡಿಕೆಗೆ ಹಾಕುತ್ತಿದ್ದೆ.

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡು, ನಿಧಾನವಾಗಿ ನಮ್ಮ ಭಾಷೆಗೆ ತಂದು ಹೇಳಿದಳು:

"ಗೋಡೆಯೇ, ನಮ್ಮನ್ನು ಅರೆದು ನಿನ್ನ ಗಾರೆಗೆ ಬೆರೆಸಿದವರಿಗೆ ಗೊತ್ತಿಲ್ಲ, ಅವರು ನಿನಗೆ ಹೆಪ್ಪು ಹಾಕಿದ್ದಾರೆ."

ಎಲ್ಲಕ್ಕಿಂತ ತುಂಬಿದ ಗುಡಾಣದ ಪದವೂ, ಒಂಟಿ ಬೀಜದ ಪದವೂ ಒಂದೇ ಸಾಲಿನಲ್ಲಿ ಇದ್ದವು. ನಾನು ಒಂದನ್ನು ಹೆಬ್ಬಾಗಿಲ ನೆತ್ತಿಗೆ ಏರಿಸಿ, ಇನ್ನೊಂದನ್ನು ಹಿತ್ತಿಲಿಗೆ ಎಸೆಯುವವಳಿದ್ದೆ.

"ಈಗ ಎಣಿಕೆ ಕೆಟ್ಟಿತಲ್ಲವಾ?" ಎಂದಳು ಅವಳು. "ಹೋಗಿ ಹೇಳು."

"ಈಗ ಹೇಳಿದರೆ ನನ್ನನ್ನ ಎಬ್ಬಿಸಿ ಇನ್ನೊಬ್ಬರನ್ನ ಕೂರಿಸ್ತಾರೆ, ಅಷ್ಟೇ. ಕೇಳಿದ್ದು ನೀನು, ನಾನು, ಈ ಮರಗಳು. ಕಲ್ಲಿಡುವ ದಿನ ಬಾ ಅಕ್ಕ. ಮುಂದೆ ನಿಂತ್ಕೋ."

ಒಳಗೆ ಹೋಗಿ ಏನೂ ಆಗದವಳಂತೆ ಉಸಿರಿಗೊಂದು ಪದ ಹೇಳಿ ಎಣಿಕೆ ಮುಗಿಸಿದೆ. ಒಂಟಿ ಬೀಜಗಳನ್ನು ಗುಡಿಸುವ ದಿನ ಹೇಫೆಯ ಬೀಜವನ್ನು ಮಾತ್ರ ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ.

ಕಲ್ಲಿಡುವ ದಿನ ಬೆಳಗ್ಗೆ ಊರಿಗೆ ಊರೇ ಹೆಬ್ಬಾಗಿಲ ಮುಂದೆ ಸೇರಿತ್ತು. 'ಗೋಡೆ' ಎಂದು ಕೊರೆದ ಕಲ್ಲು ಹಗ್ಗ ಕಟ್ಟಿಸಿಕೊಂಡು ಸಿದ್ಧವಾಗಿತ್ತು. ಗಾರೆಯವನು ಕಲ್ಲಿನ ತೊಟ್ಟಿಯಲ್ಲಿ ಸುಣ್ಣ ಕಲಸಿ, ಕೈಯಲ್ಲಿ ಕರಣೆ ಹಿಡಿದು ಕೂತಿದ್ದ. ಒರಳಿನ ಪಕ್ಕದಲ್ಲಿ ಹಾಳೆಗಳ ಗಂಟು. ಕವಿಯ ಹೆಂಡತಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು.

ಕಟ್ಟಳೆ ಹೀಗೆ: ಎಣಿಸಿದವರು ಕಟ್ಟೆ ಹತ್ತಿ ಆ ಪದವನ್ನು ಕವಿಯ ಭಾಷೆಯಲ್ಲಿ ಒಮ್ಮೆ ಹೇಳಬೇಕು. ಆಮೇಲೆ ನಮ್ಮ ಭಾಷೆಯಲ್ಲಿ ಹೇಳಬೇಕು. ಅವರು ಹೇಳಿದ್ದನ್ನು ಜನ ಮೂರು ಸಲ ಹೇಳಬೇಕು. ಮೂರನೆಯ ಸಲ ಮುಗಿದರೆ ಹಾಳೆ ಒರಳಿಗೆ.

"ಮಾವರ್," ಎಂದೆ.

ಹಿರಿಯ ಗಂಭೀರವಾಗಿ ತಲೆಯಾಡಿಸಿದ. ಜನ ಬಾಯಿ ತೆರೆದು ಕಾದರು. ನಾನು ಸೆರಗಿನ ಗಂಟನ್ನು ಹಿಡಿದುಕೊಂಡು, ಎದೆಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು ಉಸಿರು ತುಂಬಿಕೊಂಡೆ.

"ಗೋಡೆಯೇ, ನಮ್ಮನ್ನು ಅರೆದು ನಿನ್ನ ಗಾರೆಗೆ ಬೆರೆಸಿದವರಿಗೆ ಗೊತ್ತಿಲ್ಲ, ಅವರು ನಿನಗೆ ಹೆಪ್ಪು ಹಾಕಿದ್ದಾರೆ!"

ಜನ ಹಿರಿಯನ ಮುಖ ನೋಡಿದರು. ಆಮೇಲೆ ಅಭ್ಯಾಸ ಕೆಲಸ ಮಾಡಿತು. ಹೇಳಿದ್ದನ್ನು ಹೇಳುವುದು ನಮ್ಮ ಜನಕ್ಕೆ ರಕ್ತಗತ. ಮೊದಲ ಸಲ ತೊದಲಿದರು, ಅರ್ಧ ಜನ 'ಗೋಡೆಯೇ'ಗೆ ನಿಂತರು, ಅರ್ಧ ಜನ ಮುಂದೆ ಹೋದರು. ಹಿರಿಯ ಕೈ ಎತ್ತಿ, "ನಿಲ್ಲಿಸಿ!" ಎಂದು ಕಿರುಚಿದ. ಹಿಂದೆ ನಿಂತವರು ಅದೂ ಕಟ್ಟಳೆಯೇ ಇರಬೇಕೆಂದು "ನಿಲ್ಲಿಸಿ!" ಎಂದು ಕೂಗಿದರು. ಕವಿಯ ಹೆಂಡತಿ ಶಾಲು ಕಿತ್ತೆಸೆದು, ಜನರ ಕಡೆ ತಿರುಗಿ, ಎರಡನೆಯ ಸಲ ತಾನೇ ಮೊದಲು ಹೇಳಿದಳು. ಜನ ಅವಳ ಹಿಂದೆ ಹೇಳಿದರು. ಮೂರನೆಯ ಸಲಕ್ಕೆ ತಾವು ಏನು ಹೇಳುತ್ತಿದ್ದೇವೆಂದು ಅವರಿಗೇ ಕೇಳಿಸಿತು. ಆಗ ಧ್ವನಿ ಬೇರೆಯಾಯಿತು. ಆ ಬಯಲಿನಲ್ಲಿ ಅಷ್ಟು ಜನ ಸೇರಿ ಒಂದು ಪೂರ್ತಿ ಸಾಲು ಹೇಳಿದ್ದು ಅದೇ ಮೊದಲು.

ಸದ್ದಡಗಿದ ಮೇಲೆ ಜನರ ನಡುವಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಹೆಬ್ಬಾಗಿಲ ಬಲಗಡೆಯ ಕಲ್ಲೊಂದನ್ನು ತೋರಿಸಿದಳು. ಅದರ ಮೇಲೆ 'ಮಳೆ' ಎಂದಿತ್ತು.

"ಅವನು ನನ್ನ ತಮ್ಮ," ಎಂದಳು. "ಮಳೆ ಮಳೆ ಅಂತ ಇಪ್ಪತ್ತು ವರ್ಷದಿಂದ ಈ ಕಲ್ಲಿಗೆ ಕೈ ಮುಗೀತಾ ಇದೀನಿ. ಅಲ್ಲಮ್ಮಾ, ಮಳೆಗೆ ಏನು ಹೇಳಿದ್ದ ಅವನು? ಬಾ ಅಂದಿದ್ದನೋ, ಹೋಗು ಅಂದಿದ್ದನೋ?"

ಅವನನ್ನು ಎಣಿಸಿದವಳು ನಾನೇ. ಅವನ ಪ್ರತಿಯೊಂದು ಪದವೂ ನನ್ನ ಬಾಯಲ್ಲಿ ಹಾದುಹೋಗಿತ್ತು.

"ಗೊತ್ತಿಲ್ಲ ತಾಯಿ," ಎಂದೆ. "ನಾನೇ ಎಣಿಸಿದ್ದು. ಗೊತ್ತಿಲ್ಲ. ತಪ್ಪಾಯಿತು."

ಅವಳು ನನ್ನನ್ನು ಬೈಯಲಿಲ್ಲ. ಹೋಗಿ ಆ ಕಲ್ಲಿಗೆ ಕಿವಿ ಇಟ್ಟು ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿರಿಯನಿಗೆ ಬೇರೆ ದಾರಿಯಿರಲಿಲ್ಲ. "ಎಣಿಕೆ ಕೆಟ್ಟಿತು" ಎಂದು ಅವನೇ ಸಾರಬೇಕಾಯಿತು. ಕೆಟ್ಟ ಎಣಿಕೆಯ ಹಾಳೆಗಳನ್ನು ಒರಳಿಗೆ ಹಾಕುವಂತಿಲ್ಲ, ಅದು ಅವನದೇ ಕಟ್ಟಳೆ. ಗಂಟು ವಾಪಸ್ ಎಣಿಕೆಮನೆಗೆ ಹೋಯಿತು. ತೊಟ್ಟಿಯಲ್ಲಿದ್ದ ಗಾರೆ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಯಿತು. ಗಾರೆಯವನು 'ಗೋಡೆ' ಎಂಬ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ. ನನ್ನನ್ನು ಎಣಿಕೆಗೆ ಬಾರದವಳೆಂದು ಬರೆದು ಹೊರಗೆ ಹಾಕಿದರು.

ಹೊಸ ಎಣಿಕೆಗೆ ನನ್ನ ಜಾಗದಲ್ಲಿ ಕೂರಿಸಿದ್ದು ಸಮದನಿಯವನೆಂದು ಹೆಸರಾದವನನ್ನು. ಅವನ ದನಿ ಏರುವುದನ್ನಾಗಲಿ ಇಳಿಯುವುದನ್ನಾಗಲಿ ಯಾರೂ ಕಂಡಿರಲಿಲ್ಲ. ತೊಂಬತ್ತು ದಿನ ಅವನಿಗೂ ಮಧ್ಯಾಹ್ನಕ್ಕೆ ಅದೇ ಮನೆಯಿಂದ ಅದೇ ರೊಟ್ಟಿ ಹೋಯಿತು. ತೊಂಬತ್ತೊಂದನೆಯ ದಿನ ಅವನು ಕಟ್ಟೆ ಹತ್ತಿ 'ಮಾವರ್' ಎಂದ. ಆಮೇಲೆ ಇನ್ನೊಂದು ಸಾಲು ಹೇಳಿದ, ನನ್ನದಲ್ಲ, ಅವನೇ ಆರಿಸಿ ಕವಿಯ ಹೆಂಡತಿಯಿಂದ ಅರ್ಥ ಕೇಳಿಕೊಂಡದ್ದು: "ಗೋಡೆಯೇ, ನೀನು ಎದ್ದಷ್ಟೂ ನನ್ನ ಬಿಸಿಲು ಕಿರಿದಾಯಿತು, ನನ್ನ ಸಿಟ್ಟು ಮಾತ್ರ ನಿನಗಿಂತ ಒಂದು ಮೊಳ ಎತ್ತರ." ಸಮದನಿಯವನ ದನಿ ಅಂದು ಒಡೆಯಿತು. ಜನ ಮೂರು ಸಲ ಹೇಳಿದರು, ಎಲ್ಲೂ ತೊದಲಲಿಲ್ಲ.

ಈಗ ಅದೇ ಕವಿಯ ಆರು ಎಣಿಕೆ ಕೆಟ್ಟಿವೆ. ಎಣಿಕೆಗೆ ಬಾರದವರು ನಾವು ಆರು ಜನರಾಗಿದ್ದೇವೆ. ಕಟ್ಟಳೆಯನ್ನೇ ಬದಲಾಯಿಸಿ ಎಂದು ಹಿರಿಯನಿಗೆ ಯಾರೋ ಹೇಳಿದರಂತೆ. ಇದನ್ನು ಬದಲಾಯಿಸಿದರೆ ಹಿಂದಿನ ಕಲ್ಲುಗಳೆಲ್ಲ ಸರಿಯೋ ತಪ್ಪೋ ಎಂದು ಕೇಳುತ್ತಾರೆ ಎಂದನಂತೆ ಅವನು. ಉತ್ತರದ ಗೋಡೆಯ ಹತ್ತಿರ, 'ಹೂ' ಎಂಬ ಕಲ್ಲಿನ ಮುಂದೆ ಅವನು ಸುಮ್ಮನೆ ನಿಂತಿರುವುದನ್ನು ನಾನು ಎರಡು ಸಲ ನೋಡಿದ್ದೇನೆ. ಕನಿಕರವೇನೂ ಬರಲಿಲ್ಲ. ನಿಲ್ಲಲಿ, ಇನ್ನಷ್ಟು ಹೊತ್ತು ನಿಲ್ಲಲಿ.

ಹೊಸ ವರಸೆ ಎದ್ದಿಲ್ಲ. ಕವಿಯ ಹೆಂಡತಿಯ ಮನೆಯಲ್ಲಿ ಅರ್ಧ ಮೊಳ ಬಿಸಿಲು ಇನ್ನೂ ಬೀಳುತ್ತದೆ. ನಾನು ಅಲ್ಲಿಯೇ ಇದ್ದೇನೆ, ಹಿಟ್ಟು ಕಲಸುತ್ತೇನೆ. ಏಳನೆಯ ಎಣಿಕೆಗೆ ಊಟ ಹೊತ್ತುಕೊಂಡು ಹೋಗುವವಳು ನಾನು. ಮೊನ್ನೆ ಗಾರೆಯವನು ರೊಟ್ಟಿ ಕೇಳಿಕೊಂಡು ಬಂದವನು ಒಂದು ಸುದ್ದಿ ಹೇಳಿದ. ಹೆಬ್ಬಾಗಿಲ ಬಲಗಡೆ, ಮಳೆಯ ಕಲ್ಲಿನ ಸುತ್ತ, ಗೋಡೆ ಒಂದು ಬೆರಳಿನಷ್ಟು ಉಬ್ಬಿದೆಯಂತೆ. ಸರಿಪಡಿಸಲು ಹೇಳಿದ್ದಾರಂತೆ. "ಮಾಡ್ತೀಯೇನಣ್ಣ?" ಎಂದು ಕೇಳಿದೆ. "ನನಗೇನು ಆತುರ," ಎಂದು ರೊಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಬಿಡುವಾದಾಗ ಆ ಅರ್ಧ ಮೊಳ ಬಿಸಿಲಿನಲ್ಲಿ ಕುಳಿತು ಇದನ್ನು ಬರೆದಿದ್ದೇನೆ. ಇವತ್ತು ನನ್ನನ್ನು ಎಣಿಸುವುದಿಲ್ಲ ಎನ್ನುತ್ತಾರೆ. ನಾಳೆ ಎಣಿಸಿಯೇ ಎಣಿಸುತ್ತಾರೆ, ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಆ ದಿನ ಈ ಹಾಳೆಗಳ ಮುಂದೆ ಯಾರೋ ಒಬ್ಬಳು ಬೀಜದ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಪುಟ್ಟ ಪದಗಳನ್ನೆಲ್ಲ ಹೊರಗೆ ಸುರಿದ ಮೇಲೆ ಇಲ್ಲಿಯೂ ಗೋಡೆಯ ಕುಡಿಕೆಯೇ ತುಂಬಿ ಚೆಲ್ಲಬಹುದು. ನನ್ನನ್ನೂ 'ಗೋಡೆ' ಎಂದು ಕೊರೆಯಬಹುದು. ಕೊರೆಯಲಿ, ನನಗೆ ಹೆದರಿಕೆಯಿಲ್ಲ.

ನಿನಗೆ ಮಾತ್ರ ಒಂದು ಹೇಳುತ್ತೇನೆ, ತಂಗಿ. ಮೊದಲ ಬೀಜ ಎತ್ತುವ ಮುಂಚೆ ಮಧ್ಯಾಹ್ನದ ರೊಟ್ಟಿ ತಿನ್ನು. ಹುಳಿಯೆನ್ನಿಸುತ್ತದೆ, ಆರು ದಿನ ತಡೆದುಕೋ. ಆಮೇಲೆ ಹಿತ್ತಿಲಿಗೆ ಹೋಗಿ, ಮರದ ಕೆಳಗೆ ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, ಮೊದಲಿಂದ ಓದು.